ಚಳಿಗಾಲದಲ್ಲಿ ಹುಟ್ಟಿದವರ ಹರಳು: ರತ್ನಪರೀಕ್ಷಕರನ್ನು ಕೇಳಿ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಬಳ್ಳಾರಿಯಲ್ಲಿ ಹರಳು ಪರೀಕ್ಷೆ ಮಾಡುವ ಸರ್ ಇವತ್ತು ಸಂಜೆ ಗುಂಪಿನಲ್ಲಿ ಇರ್ತಾರೆ. ಡಿಸೆಂಬರ್, ಜನವರಿ, ಫೆಬ್ರವರಿಯಲ್ಲಿ ಹುಟ್ಟಿದವರ ಹರಳು, ಅದರ ಸುತ್ತಲಿನ ನಂಬಿಕೆ ಬಗ್ಗೆ ಕೇಳಿ. ಹೆಸರು, ನಂಬರ್ ಹಾಕಬೇಡಿ, ಊರು ಸಾಕು.

ರತ್ನಪರೀಕ್ಷಕರು: ನಮಸ್ಕಾರ. ಎಲ್ಲರೂ ಕೇಳುವುದು ಇದನ್ನೇ, ಹಾಗಾಗಿ ಮೊದಲೇ ಬರೆದುಬಿಡ್ತೀನಿ. ಡಿಸೆಂಬರ್‌ಗೆ ಫಿರೋಜಾ (ಇಂಗ್ಲಿಷಿನಲ್ಲಿ ಟರ್ಕಾಯ್ಸ್), ಜಿರ್ಕಾನ್, ಟಾಂಜನೈಟ್. ಜನವರಿಗೆ ಗಾರ್ನೆಟ್. ಫೆಬ್ರವರಿಗೆ ಅಮೆಥಿಸ್ಟ್, ಪೇಟೆಯಲ್ಲಿ ಕಟೇಲಾ ಅಂತಾರೆ. ಈ ಪಟ್ಟಿಯನ್ನು 1912ರಲ್ಲಿ ಅಮೆರಿಕದ ಆಭರಣ ವ್ಯಾಪಾರಿಗಳು ಸಭೆ ಸೇರಿ ಗೊತ್ತುಮಾಡಿದರು. ಜಿರ್ಕಾನ್ 1952ರಲ್ಲಿ ಸೇರಿತು, ಟಾಂಜನೈಟ್ 2002ರಲ್ಲಿ. ಟಾಂಜನೈಟ್ ಭೂಮಿಯಿಂದ ಹೊರಗೆ ಬಂದಿದ್ದೇ 1967ರಲ್ಲಿ, ತಾಂಜಾನಿಯಾದ ಮೆರೆಲಾನಿ ಗುಡ್ಡಗಳಲ್ಲಿ. ಅದು ನಮ್ಮ ಹಳೇ ಶಾಸ್ತ್ರದಲ್ಲಿ ಇದೆ ಎಂದು ಹೇಳಿ ಯಾರಾದರೂ ಮಾರಿದರೆ ಎದ್ದು ಬನ್ನಿ.

ಗಂಗಾವತಿ: ಸರ್, ನಮ್ಮ ಹುಡುಗ ಸಂಕ್ರಾಂತಿ ದಿನ ಹುಟ್ಟ್ಯಾನ. ಜೋಯಿಸರು ಗೋಮೇಧಿಕ ಹಾಕ್ರಿ ಅಂದ್ರು. ಅಂಗಡ್ಯಾಗ ಜನವರಿಗೆ ಗಾರ್ನೆಟ್ ಅಂತಾರ. ಎರಡೂ ಕೊಳ್ಳಬೇಕೇನ್ರಿ?

ರತ್ನಪರೀಕ್ಷಕರು: ಒಂದೇ ಸಾಕು. ಗೋಮೇಧಿಕ ಅಂದರೆ ಹೆಸ್ಸೊನೈಟ್, ಅದೂ ಗಾರ್ನೆಟ್ ಮನೆತನದ್ದೇ. ಕೆಂಪು ಗಾರ್ನೆಟ್ಟನ್ನು ಜೈಪುರದ ವ್ಯಾಪಾರಿಗಳು ತಾಮಡಾ ಅಂತಾರೆ. ನವರತ್ನದಲ್ಲಿ ರಾಹುವಿಗೆ ಇಟ್ಟ ಹರಳು, ಅಮೆರಿಕದವರು ಜನವರಿಗೆ ಇಟ್ಟ ಹರಳು, ಎರಡೂ ಒಂದೇ ಕುಟುಂಬದಿಂದ ಬಂದಿವೆ. ನನಗೆ ಇದು ಬಹಳ ಇಷ್ಟದ ವಿಷಯ. ಲೆನ್ಸ್ ಇಟ್ಟು ನೋಡಿದರೆ ಒಳ್ಳೆಯ ಗೋಮೇಧಿಕದ ಒಳಗೆ ಬೆಲ್ಲದ ಪಾಕ ಕಲಕಿದ ಹಾಗೆ ಸುಳಿ ಕಾಣುತ್ತದೆ. ಅದು ದೋಷವಲ್ಲ, ಅದೇ ಗುರುತು. ಅದೇ ಬಣ್ಣದ ಜಿರ್ಕಾನ್ ಕೂಡ ಗೋಮೇಧಿಕದ ಹೆಸರಲ್ಲಿ ಬಹಳ ಕಾಲದಿಂದ ಮಾರಾಟವಾಗಿದೆ. ಜಿರ್ಕಾನ್ ಅದಕ್ಕಿಂತ ತೂಕ. ಮೇಲಿಂದ ನೋಡಿದರೆ ತಳದ ಅಂಚುಗಳು ಎರಡೆರಡಾಗಿ ಕಾಣುತ್ತವೆ. ಬಿಲ್ಲಿನಲ್ಲಿ ತೂಕ ಕ್ಯಾರೆಟ್‌ನಲ್ಲೇ ಬರೆಸಿಕೊಳ್ಳಿ. 1 ಕ್ಯಾರೆಟ್ ಅಂದರೆ 200 ಮಿಲಿಗ್ರಾಂ. ರತ್ತಿ ಅನ್ನುವ ಹಳೇ ತೂಕ ಅಂಗಡಿಗೊಂದು ತರಹ ಇರುತ್ತದೆ.

ಕುಷ್ಟಗಿ: ನಂದು ಜನವರಿ 3. ಯಾವ ಹರಳು ಸರ್?

ರತ್ನಪರೀಕ್ಷಕರು: ಗಾರ್ನೆಟ್. ಮೇಲೆ ಬರೆದಿದ್ದೇನೆ.

ಕೊಪ್ಪಳ: ಅಮೆರಿಕದ ಅಂಗಡಿಯವರು ಮಾಡಿದ ಪಟ್ಟಿ ನಮಗ್ಯಾಕ್ರಿ? ನಮ್ಮಲ್ಲಿ ಸೂರ್ಯಗ ಮಾಣಿಕ್ಯ, ಚಂದ್ರಗ ಮುತ್ತು, ಶನಿಗೆ ನೀಲ ಅಂತ ಗ್ರಹದ ಲೆಕ್ಕ ಐತಿ. ಇಂಗ್ಲಿಷ್ ತಿಂಗಳು ನೋಡಿ ಹರಳು ಹಾಕೋದು ವ್ಯಾಪಾರ, ಸಂಪ್ರದಾಯ ಅಲ್ಲ.

ಬಳ್ಳಾರಿ ಕೌಲ್‌ಬಜಾರ್: ಅಣ್ಣಾ, ಬರೀ ವ್ಯಾಪಾರ ಅಂದರೆ ಹೇಗೆ? ಬೈಬಲ್‌ನ ವಿಮೋಚನಕಾಂಡದಲ್ಲಿ ಮಹಾಯಾಜಕ ಆರೋನನ ಎದೆಪದಕದ ಮೇಲೆ ಹನ್ನೆರಡು ರತ್ನ ಕೂಡಿಸಿದ್ದು ಬರೆದಿದೆ. ನಮ್ಮ ಬಿಷಪ್‌ಗಳು ಅಮೆಥಿಸ್ಟ್ ಉಂಗುರ ಹಾಕೋ ರೂಢಿ ನೂರಾರು ವರ್ಷದ್ದು. ನಮಗೂ ಸಂಪ್ರದಾಯ ಐತೆ.

ಕೊಪ್ಪಳ: ಆ ಹನ್ನೆರಡು ಹರಳು ಹನ್ನೆರಡು ಕುಲಕ್ಕ. ತಿಂಗಳಿಗೆ ಅಂತ ಎಲ್ಲಿ ಬರದೈತಿ ತೋರಸ್ರಿ.

ರತ್ನಪರೀಕ್ಷಕರು: ಇಬ್ಬರ ಮಾತಲ್ಲೂ ಸತ್ಯ ಇದೆ. ಬೈಬಲ್‌ನಲ್ಲಿ ಕುಲಗಳ ಲೆಕ್ಕವೇ. ಆ ಹನ್ನೆರಡನ್ನು ವರ್ಷದ ತಿಂಗಳಿಗೆ ಹೊಂದಿಸಿ ಹೇಳಿದ್ದು ಒಂದನೇ ಶತಮಾನದ ಇತಿಹಾಸಕಾರ ಜೋಸೆಫಸ್. ತಾನು ಹುಟ್ಟಿದ ತಿಂಗಳಿನದ್ದನ್ನೇ ಧರಿಸುವ ಪದ್ಧತಿ ಯುರೋಪಿನಲ್ಲಿ ಬಹಳ ತಡವಾಗಿ ಬಂತು. 1912ರವರು ಹಳೇ ನಂಬಿಕೆಗೆ ಅಂಗಡಿಯ ಅಚ್ಚು ಒತ್ತಿದರು. ಹಾಗಂತ ಮಗಳ ಹುಟ್ಟುಹಬ್ಬಕ್ಕೆ ಅಪ್ಪ ತಂದ ಗಾರ್ನೆಟ್ ಓಲೆ ಸುಳ್ಳಾಗುವುದಿಲ್ಲ. ಈ ವಾದ ಇಲ್ಲಿಗೆ ಸಾಕು.

ಮಾನ್ವಿ: ಸರ್, ಸ್ವಲ್ಪ ದೊಡ್ಡದು ಬರೀತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ನನ್ನ ನಿಕಾಹ್ ದಿನ ನಮ್ಮ ಅತ್ತೆಯವರು ತಮ್ಮ ತಾಯಿಯ ಫಿರೋಜಾ ಉಂಗುರ ನನ್ನ ಕೈಗೆ ಹಾಕಿದ್ರು. ಡಿಸೆಂಬರ್‌ದಾಗ ಹುಟ್ಟಿದಾಕಿ, ನಿನಗ ಸರಿ ಹೊಂದ್ತದ ಅಂದ್ರು. ಆವಾಗ ಆಕಾಶದ ಬಣ್ಣ ಇತ್ತು. ಈಗ ವರ್ಷ ತುಂಬೋದ್ರಾಗ ಪಾಚಿ ಹಸಿರು ಆಗ್ಯಾದ. ಇದೇ ವರ್ಷ ಮಾವನವರಿಗೆ ಹಾರ್ಟ್ ಆಪರೇಷನ್ ಆತು, ಭತ್ತಕ್ಕ ರೇಟ್ ಸಿಗಲಿಲ್ಲ. ಫಿರೋಜಾ ಬಣ್ಣ ಬಿಟ್ರ ಮನಿಗೆ ಕೇಡು ಅಂತ ಯಾರೋ ವಾಟ್ಸಾಪ್‌ನಾಗ ಕಳಿಸ್ಯಾರ. ಈಗ ಅತ್ತೆ ಬಾಯಿ ಬಿಟ್ಟು ಬೈಯಲ್ಲ, ಆದ್ರ ಮಾತು ಬಿಟ್ಟಾರ. ನಾದಿನಿ ಮಾತ್ರ ನಿನ್ನ ಕಾಲ್ಗುಣ ಅಂದ್ಳು. ಉಂಗುರ ಕೃಷ್ಣಾ ಹೊಳಿಗೆ ಬಿಡಬೇಕಂತ ಮಾತು ನಡದದ. ಬಣ್ಣ ವಾಪಸ್ ಬರಂಗ ಏನರ ಮಾಡಬೋದೇನ್ರಿ? ವಿನೆಗರ್‌ದಾಗ ನೆನಸಂತ ಒಬ್ಬರು ಹೇಳ್ಯಾರ.

ಸಿಂಧನೂರು: ಅಕ್ಕಾ, ನಿಂಬಿಹಣ್ಣು ಉಪ್ಪು ಹಚ್ಚಿ ತಿಕ್ಕು. ನಮ್ಮ ತಾಮ್ರದ ತಂಬಿಗಿ ಫಳಫಳ ಅಂತದ.

ರತ್ನಪರೀಕ್ಷಕರು: ದಯವಿಟ್ಟು ಏನನ್ನೂ ಹಚ್ಚಬೇಡಿ. ವಿನೆಗರ್ ಬೇಡ, ನಿಂಬೆ ಬೇಡ, ಉಪ್ಪು ಬೇಡ, ಕುದಿಸುವುದು ಬೇಡ. ತಂಬಿಗೆಯ ಔಷಧ ಹರಳಿಗೆ ಹಾಕಿದರೆ ಹರಳು ಹೋಗುತ್ತದೆ. ತಂಗೀ, ಈಗ ಸಮಾಧಾನವಾಗಿ ಓದು.

ಫಿರೋಜಾ ಅಂದರೆ ತಾಮ್ರ, ಅಲ್ಯುಮಿನಿಯಂ, ಫಾಸ್ಫೇಟ್, ಜೊತೆಗೆ ಅದರ ಒಳಗೇ ಕಟ್ಟಿಕೊಂಡ ನೀರು. ನೀಲಿ ಬಣ್ಣ ತಾಮ್ರದ್ದು. ವಜ್ರ, ಮಾಣಿಕ್ಯದಂತೆ ಗಟ್ಟಿ ಅಲ್ಲ, ವಜ್ರಕ್ಕೆ 10 ಕೊಡುವ ಅಳತೆಯಲ್ಲಿ ಇದರ ಗಡಸುತನ 5ರಿಂದ 6. ಮೈತುಂಬ ಕಣ್ಣಿಗೆ ಕಾಣದ ಸಣ್ಣ ತೂತುಗಳಿರುತ್ತವೆ. ಎಣ್ಣೆ, ಬೆವರು, ಸೋಪು, ಅತ್ತರು, ಅರಿಶಿನ ಎಲ್ಲವನ್ನೂ ಕುಡಿಯುತ್ತದೆ. ಕುಡಿದಂತೆ ನೀಲಿ ಹಸಿರಿಗೆ ತಿರುಗುತ್ತದೆ. ಒಲೆಯ ಕಾವಿಗೆ ಒಳಗಿನ ನೀರು ಆರಿದರೂ ಬಣ್ಣ ಕೆಡುತ್ತದೆ.

ಈಗ ನಿನ್ನನ್ನೇ ಒಂದು ಮಾತು ಕೇಳ್ತೀನಿ. ಅತ್ತೆಯ ತಾಯಿ ಆ ಉಂಗುರ ಯಾವಾಗ ಹಾಕುತ್ತಿದ್ದರು? ದಿನಾಲೂ ಹಾಕಿದ್ದರೋ, ಮದುವೆ ಹಬ್ಬಕ್ಕೆ ಮಾತ್ರವೋ? ನೀನು ರೊಟ್ಟಿ ಬಡಿಯುವಾಗ, ತಲೆಗೆ ಎಣ್ಣೆ ಹಚ್ಚುವಾಗ, ಪಾತ್ರೆ ತೊಳೆಯುವಾಗ ತೆಗೆದಿಡುತ್ತೀಯೋ? ಇದು ಗೊತ್ತಾದರೆ ಅರ್ಧ ಉತ್ತರ ಸಿಕ್ಕಿತು.

ನಂಬಿಕೆಯ ಮಾತಿಗೆ ಬರೋಣ. ಫಿರೋಜಾ ಬಣ್ಣ ಬದಲಿಸಿ ಅಪಾಯ ಸೂಚಿಸುತ್ತದೆ ಎನ್ನುವ ಮಾತು ಪರ್ಷಿಯಾದಲ್ಲೂ ಯುರೋಪಿನಲ್ಲೂ ಹಳೆಯದು. ಇರಾನಿನ ನಿಶಾಪುರದ ಗಣಿಗಳಿಂದ ಶತಮಾನಗಟ್ಟಲೆ ಈ ಹರಳು ಬಂದಿದೆ. ಕುದುರೆ ಸವಾರರು ಬೀಳದಿರಲಿ ಅಂತ ಲಗಾಮಿಗೂ ಕಟ್ಟುತ್ತಿದ್ದರು. ಆದರೆ ಆ ನಂಬಿಕೆ ಪೂರ್ತಿ ಏನು ಹೇಳುತ್ತದೆ? ತೊಟ್ಟವರಿಗೆ ಬರಬೇಕಾದ ಕೇಡನ್ನು ಹರಳು ತನ್ನ ಮೇಲೆ ಎಳೆದುಕೊಳ್ಳುತ್ತದೆ, ಅದಕ್ಕೇ ಬಣ್ಣಗೆಡುತ್ತದೆ, ಕೆಲವೊಮ್ಮೆ ಒಡೆಯುತ್ತದೆ ಅಂತ. ತೊಟ್ಟವಳೇ ಕೇಡು ತಂದಳು ಎನ್ನುವುದು ನಾನು ಕೇಳಿದ ಯಾವ ಫಿರೋಜಾ ಕಥೆಯಲ್ಲೂ ಇಲ್ಲ. ಅದನ್ನು ಸೇರಿಸಿದ್ದು ವಾಟ್ಸಾಪ್. ಅತ್ತೆಯವರಿಗೆ ನಂಬಿಕೆ ಇದ್ದರೆ ಇರಲಿ, ಅವರ ತಾಯಿಯ ನೆನಪು ಅದರಲ್ಲಿದೆ. ಆ ನಂಬಿಕೆಯ ಪ್ರಕಾರವೇ ಹೋದರೂ ಉಂಗುರ ನಿನ್ನನ್ನು ಕಾಯುತ್ತಿದೆ ಅಂತಲೇ ಅರ್ಥ. ಮಾವನವರ ಹೃದಯಕ್ಕೂ ಭತ್ತದ ರೇಟಿಗೂ ನಿನ್ನ ಕೈಬೆರಳಿಗೂ ಸಂಬಂಧ ಕಲ್ಪಿಸುವುದು ಅನ್ಯಾಯ. ಇದನ್ನು ನಿನ್ನ ನಾದಿನಿಗೂ ತೋರಿಸು.

ಹೋದ ಬಣ್ಣ ಪೂರ್ತಿ ವಾಪಸ್ ಬರುತ್ತದೆ ಎಂದು ನಾನು ಭರವಸೆ ಕೊಡುವುದಿಲ್ಲ. ಕೊಡುವವರನ್ನು ನಂಬಬೇಡ, ಅವರು ಬಣ್ಣ ಹಾಕಿ ಕೊಡುತ್ತಾರೆ. ಮೇಲ್ಪದರ ಮಾತ್ರ ಕೆಟ್ಟಿದ್ದರೆ ಕೈ ನುರಿತ ಕೆಲಸಗಾರ ತೆಳ್ಳಗೆ ಮತ್ತೆ ಪಾಲಿಶ್ ಮಾಡಬಹುದು, ಆದರೆ ನೋಡದೆ ಹೇಳುವುದಿಲ್ಲ. ಹೊಳೆಗೆ ಬಿಡಬೇಡಿ.

ಕಂಪ್ಲಿ: ಸರ್ ಇದು ನಿಜಾನಾ? ಫಾರ್ವರ್ಡ್ ಬಂದೈತೆ: ಕಟೇಲಾ ಹರಳು ರಾತ್ರಿ ತಾಮ್ರದ ಚೊಂಬಿನಲ್ಲಿ ನೆನೆಸಿ, ಬೆಳಗ್ಗೆ ಆ ನೀರು ಕೊಟ್ಟರೆ 21 ದಿನದಲ್ಲಿ ಕುಡಿತ ಬಿಡ್ತಾರೆ. ಶುಗರ್ ಕೂಡ ಇಳಿಯುತ್ತೆ.

ರತ್ನಪರೀಕ್ಷಕರು: ಸುಳ್ಳು.

ಸಿರುಗುಪ್ಪ: ಅಣ್ಣಾವ್ರೇ, ನಮ್ಮ ಮನೆಯವರಿಗೆ ಗೊತ್ತಾಗದಂಗೆ ಅದನ್ನೇ ಮಾಡಬೇಕು ಅಂತಿದ್ದೆ. ಹರಳು ತಂದಿಟ್ಟೀನಿ. ಕುಡಿದು ಬಂದು ಬಹಳ ತೊಂದರೆ ಕೊಡ್ತಾರೆ.

ರತ್ನಪರೀಕ್ಷಕರು: ಅಮ್ಮಾ, ಹಾಗಾದರೆ ಸರಿಯಾಗಿ ಹೇಳ್ತೀನಿ. ಅಮೆಥಿಸ್ಟ್ ಹತ್ತಿರ ಇದ್ದರೆ ಅಮಲು ಏರುವುದಿಲ್ಲ ಎನ್ನುವುದು ಗ್ರೀಕರ ಹಳೆಯ ನಂಬಿಕೆ, ಫಾರ್ವರ್ಡ್ ಹುಟ್ಟಿದ್ದು ಅಲ್ಲಿಂದ. ಹರಳಿನಿಂದ ನೀರಿಗೆ ಯಾವ ಗುಣವೂ ಇಳಿಯುವುದಿಲ್ಲ, ಅದು ಬರೀ ಕ್ವಾರ್ಟ್ಜ್, ಅಂದರೆ ಬೆಣಚುಕಲ್ಲಿನ ಜಾತಿ. ಪೇಟೆಯಲ್ಲಿ ಕಟೇಲಾ ಅಂತ ಸಿಗುವುದರಲ್ಲಿ ಬಣ್ಣ ಹಾಕಿದ ಗಾಜು, ಅಂಟಿಸಿದ ಹರಳು ಇವೆ. ಅದರ ಬಣ್ಣ, ಅಂಟು ಕುಡಿಯುವ ನೀರಿಗೆ ಸೇರುವುದು ಬೇಡ. ಇನ್ನೊಂದು ಮುಖ್ಯ ಮಾತು. ದಿನಾ ಕುಡಿಯುವವರು ಒಮ್ಮೆಲೇ ಬಿಟ್ಟರೆ ಫಿಟ್ಸ್ ಬರಬಹುದು, ಡಾಕ್ಟರ ಕೈಯಲ್ಲೇ ಬಿಡಿಸಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ದುಡ್ಡು ಕೊಡಬೇಕಾಗಿಲ್ಲ. ಹೊಡೆಯುತ್ತಿದ್ದರೆ ಅದನ್ನು ಮುಚ್ಚಿಡಬೇಡಿ, ತುರ್ತು ಸಹಾಯದ 112ಕ್ಕೆ ಫೋನ್ ಮಾಡಿ. ಹರಳನ್ನು ಅಂಗಡಿಗೆ ಕೊಟ್ಟು ದುಡ್ಡು ವಾಪಸ್ ಕೇಳಿ.

ಕಂಪ್ಲಿ: ನಂಬಿಕೆ ಇದ್ದವರಿಗೆ ಕೆಲಸ ಮಾಡುತ್ತೆ ಸರ್. ಎಲ್ಲದಕ್ಕೂ ಸೈನ್ಸ್ ಬೇಕಿಲ್ಲ.

ರತ್ನಪರೀಕ್ಷಕರು: ನಿಮ್ಮ ನಂಬಿಕೆಯನ್ನು ನಿಮ್ಮ ಬೆರಳಿಗೆ ಹಾಕಿಕೊಳ್ಳಿ, ಇನ್ನೊಬ್ಬರ ಹೊಟ್ಟೆಗೆ ಹಾಕಬೇಡಿ. ಶುಗರ್ ಮಾತ್ರೆ ಬಿಟ್ಟು ಈ ನೀರು ಕುಡಿದವರಿಗೆ ಏನಾದರೂ ಆದರೆ ಫಾರ್ವರ್ಡ್ ಮಾಡಿದವರು ಆಸ್ಪತ್ರೆಗೆ ಬರುತ್ತೀರಾ?

ರಾಯಚೂರು: ಫೆಬ್ರವರಿಗೆ ಯಾವುದು ಸರ್?

ರತ್ನಪರೀಕ್ಷಕರು: ಮೊದಲ ಉತ್ತರ ಓದಿ.

ಲಿಂಗಸೂಗೂರು: ಸರ್, ಹಟ್ಟಿ ಕಡೆ ನಮ್ಮ ಹೊಲದಾಗ ನೇಗಿಲಿಗೆ ಕಡುಗೆಂಪು ಹರಳು ಸಿಕ್ಕಾವ. ಮೂಲಿ ಮೂಲಿ ಅದಾವ. ಗಾರ್ನೆಟ್ ಇರಬೋದೇನು?

ಕೊಪ್ಪಳ: ಕಂಪ್ಲಿಯವರು ಹೇಳಿದ್ರಾಗ ತಪ್ಪೇನೈತಿ? ನಮ್ಮ ಹಿರಿಯರು ರತ್ನದ ಭಸ್ಮ ಔಷಧಕ್ಕ ಕೊಡ್ತಿದ್ರು. ಸರ್‌ಗೆ ನಮ್ಮ ಶಾಸ್ತ್ರ ಅಂದ್ರ ಅಸಡ್ಡೆ.

ಬಳ್ಳಾರಿ ಕೌಲ್‌ಬಜಾರ್: ಆವಾಗ ಸಂಪ್ರದಾಯ ಅಲ್ಲ ವ್ಯಾಪಾರ ಅಂದೋರು ನೀವೇ. ಈಗ ಫಾರ್ವರ್ಡ್ ಶಾಸ್ತ್ರ ಆಯ್ತಾ?

ಕೊಪ್ಪಳ: ನಿಮಗ ಕೇಳಿಲ್ಲ. ಬಿಷಪ್ ಉಂಗುರ ಇದ್ರ ಶ್ರದ್ಧೆ, ನಮ್ಮದು ಇದ್ರ ಮೂಢನಂಬಿಕಿ ಅಲ್ಲ?

ಬಳ್ಳಾರಿ ಕೌಲ್‌ಬಜಾರ್: ನಾನು ಆ ಮಾತು ಅಂದೇ ಇಲ್ಲ. ಇಲ್ಲದ್ದು ಸೇರಿಸಬೇಡಿ.

ಅಡ್ಮಿನ್: ಇಬ್ಬರೂ ಇಲ್ಲಿಗೆ ನಿಲ್ಲಿಸಿ. ಧರ್ಮದ ಮಾತು ತಂದರೆ ಕಮೆಂಟ್ ತೆಗೆಯುತ್ತೇನೆ.

ರತ್ನಪರೀಕ್ಷಕರು: ನಾನು ಪತ್ತಾರರ ಮನೆಯಲ್ಲಿ ಹುಟ್ಟಿದವನು. ನವರತ್ನ ಕೂಡಿಸುವುದನ್ನು ನೋಡುತ್ತಲೇ ಬೆಳೆದೆ, ಅಸಡ್ಡೆ ಎಂದರೆ ನೋವಾಗುತ್ತದೆ. ಭಸ್ಮವನ್ನು ಓದಿದ ವೈದ್ಯರು ರೋಗಿಯನ್ನು ನೋಡಿ ಕೊಡಬೇಕು. ಗೊತ್ತಿಲ್ಲದ ಹರಳನ್ನು ಚೊಂಬಿಗೆ ಹಾಕುವುದಕ್ಕೆ ಶಾಸ್ತ್ರದ ಹೆಸರು ಕೊಡಬೇಡಿ.

ಯಲಬುರ್ಗಾ: ಅಮೆರಿಕನ್ ಡೈಮಂಡ್ ಮತ್ತು ಜಿರ್ಕಾನ್ ಒಂದೇನಾ? ಡಿಸೆಂಬರ್‌ಗೆ ಹಾಕಬಹುದಾ?

ರತ್ನಪರೀಕ್ಷಕರು: ಅಲ್ಲ. ಅಮೆರಿಕನ್ ಡೈಮಂಡ್ ಕಾರ್ಖಾನೆಯ ಕ್ಯೂಬಿಕ್ ಜಿರ್ಕೋನಿಯಾ. ಜಿರ್ಕಾನ್ ಭೂಮಿಯದ್ದು. ನೀಲಿ ಜಿರ್ಕಾನ್‌ಗೆ ಸಾಮಾನ್ಯವಾಗಿ ಕಾವು ಕೊಟ್ಟು ಬಣ್ಣ ತಂದಿರುತ್ತಾರೆ, ಅದು ಮೋಸವಲ್ಲ, ಬಿಲ್ಲಿನಲ್ಲಿ ಬರೆದಿರಬೇಕು ಅಷ್ಟೆ. ಅಂಚು ಬೇಗ ಚಕ್ಕೆ ಏಳುತ್ತದೆ, ದಿನದ ಉಂಗುರಕ್ಕೆ ಬೇಡ.

ಗಂಗಾವತಿ: ಕಟೇಲಾ ಪದಕ ಬಿಸಿಲಿಗೆ ಬಣ್ಣ ಬಿಡ್ತದಂತ, ಹೌದೇನ್ರಿ? ನಮ್ಮ ಕಡೆ ಬಿಸಿಲು ನಿಮಗ ಗೊತ್ತದ.

ರತ್ನಪರೀಕ್ಷಕರು: ಹೌದು. ಕಿಟಕಿ ಹತ್ತಿರ, ಗಾಡಿಯಲ್ಲಿ ಇಡಬೇಡಿ. ಡಬ್ಬಿಯಲ್ಲಿಡಿ.

ಕುಷ್ಟಗಿ: ಗಾರ್ನೆಟ್ ಯಾವ ಬೆರಳಿಗೆ, ಯಾವ ವಾರ?

ರಾಯಚೂರು: ಸರ್ ನನ್ನ ಪ್ರಶ್ನೆಗೆ ಉತ್ತರ ಕೊಟ್ಟಿಲ್ಲ. ಫೆಬ್ರವರಿ?

ಬಳ್ಳಾರಿ ಕೌಲ್‌ಬಜಾರ್: ಅಮೆಥಿಸ್ಟ್, ಅಮೆಥಿಸ್ಟ್. ಮೇಲೆ ಎಷ್ಟು ಸಲ ಬರೆದಾರೆ, ಓದೋಕೆ ಆಗಲ್ವಾ?

ಮಾನ್ವಿ: ಸರ್, ಅತ್ತೆಯವರಿಗೆ ಓದಿ ಹೇಳಿದೆ. ಅವರ ತಾಯಿ ಉಂಗುರ ಈದ್‌ಗೆ, ಮದುವಿಗೆ ಅಷ್ಟೇ ಹಾಕ್ತಿದ್ರಂತ, ಉಳಿದ ದಿನ ಹತ್ತಿಯಾಗ ಸುತ್ತಿ ಪೆಟ್ಟಿಗ್ಯಾಗ. ನಾನು ನಿಕಾಹ್ ಆದಾಗಿಂದ ತೆಗೆದೇ ಇಲ್ಲ, ತೆಗೆದ್ರ ತಪ್ಪು ತಿಳೀತಾರಂತ. ಅತ್ತೆ ಏನೂ ಅನಲಿಲ್ಲ, ಉಂಗುರ ಕೈಯಾಗ ಹಿಡ್ಕೊಂಡು ನೋಡಿದ್ರು. ಕೊರಿಯರ್ ಮಾಡಲೇನ್ರಿ?

ರತ್ನಪರೀಕ್ಷಕರು: ಕೊರಿಯರ್ ಬೇಡ. ಅತ್ತೆಯವರನ್ನೇ ಕರೆದುಕೊಂಡು ಬಾ, ಲೆನ್ಸ್‌ನಲ್ಲಿ ಅವರೇ ನೋಡಲಿ. ನೋಡುವುದಕ್ಕೆ ದುಡ್ಡಿಲ್ಲ. ಅಲ್ಲಿತನಕ ಒದ್ದೆ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿ, ಒಣ ಬಟ್ಟೆಯಲ್ಲಿ ಇನ್ನೊಮ್ಮೆ ಒರೆಸಿ, ಹತ್ತಿಯಲ್ಲಿ ಇಡು. ಬರುವ ದಾರಿಯಲ್ಲಿ ಯಾರಾದರೂ ಮಷಿನ್‌ಗೆ ಹಾಕಿ ತೊಳೆದುಕೊಡ್ತೀನಿ ಅಂದರೆ ಕೊಡಬೇಡ.