ಅಪ್‌ಡೇಟ್: ಫಕರಾವಾದ ಕಂಡಿ ದಾಟಿದೆವು

ಪೆಸಿಫಿಕ್ ಸಾಗರದ ಫ್ರೆಂಚ್ ಪಾಲಿನೇಷ್ಯಾದಲ್ಲಿ ಮಾರ್ಕೇಸಸ್ ದ್ವೀಪಗಳಿಂದ ಟುವಾಮೋಟು ದ್ವೀಪಗಳಿಗೆ ಹಾಯಿದೋಣಿಯಲ್ಲಿ ಹೊರಡುವ ಮುನ್ನ, ಉಂಗುರದಂಥ ಹವಳದ್ವೀಪಗಳ ಕಂಡಿಯೊಳಗೆ, ಅಂದರೆ ಬಂಡೆಸಾಲಿನ ನಡುವೆ ಒಳನೀರಿಗೆ ಹೋಗುವ ದಾರಿಯೊಳಗೆ, ಯಾವ ಹೊತ್ತಿಗೆ ನುಗ್ಗಬೇಕು ಎಂದು ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಋಣಿ.

ಸುಮಾರು 500 ನಾಟಿಕಲ್ ಮೈಲಿಯ ದಾರಿ ಐದು ದಿನಗಳಲ್ಲಿ ಸಾಗಿತು, ಅದರಲ್ಲಿ ಹೇಳುವಂಥದ್ದೇನಿಲ್ಲ. ಟುವಾಮೋಟುವಿನ ಹವಳದ್ವೀಪ ಫಕರಾವಾದ ಉತ್ತರದ ಗರುಆಯೆ ಕಂಡಿಯ ಮುಂದೆ ನಸುಕಿಗೇ ತಲುಪಿದೆವು. ಸುಮಾರು 1.6 ಕಿಲೋಮೀಟರ್ ಅಗಲ! ಅಷ್ಟು ಅಗಲದ ಬಾಗಿಲಿಗೆ ಭಯವೇಕೆ ಎಂದು ಬರೆದಿದ್ದೆನಲ್ಲ, ಆ ಮಾತನ್ನು ನುಂಗಿಕೊಳ್ಳುತ್ತೇನೆ. ಒಳಗಿನ ನೀರು ಹೊರಗಿನ ಅಲೆಗಳಿಗೆ ಎದುರಾಗಿ ನುಗ್ಗಿ, ಎಸರಿಟ್ಟ ಪಾತ್ರೆಯಂತೆ ಕುದಿಯುತ್ತಿತ್ತು. ಉಬ್ಬರವಿಳಿತದ ಕೋಷ್ಟಕದ ಪ್ರಕಾರ ಆಗ ಹರಿವೇ ಇರಬಾರದಿತ್ತು. ದಕ್ಷಿಣದ ದೊಡ್ಡ ಅಲೆಗಳು ಬಂಡೆಸಾಲು ದಾಟಿ ಲಗೂನನ್ನು (ಉಂಗುರದೊಳಗಿನ ನೀರಿನ ಹರವನ್ನು) ತುಂಬಿದರೆ ಆ ನೀರು ಕಂಡಿಯಿಂದಲೇ ಹೊರಬರಬೇಕು, ಕೋಷ್ಟಕವನ್ನು ನಂಬಬೇಡಿ ಎಂದು ನಿಮ್ಮಲ್ಲೊಬ್ಬರು ಎಚ್ಚರಿಸಿದ್ದು ನೆನಪಾಯಿತು. ನಾಲ್ಕು ಗಂಟೆ ಹೊರಗೇ ಸುಳಿದಾಡಿದೆವು. ಸೂರ್ಯ ನೆತ್ತಿಗೇರುವ ಹೊತ್ತಿಗೆ ಕುದಿತ ತಣಿಯಿತು. ಬಿಸಿಲು ಮೇಲಿದ್ದರೆ ನೀರಿನಡಿಯ ಹವಳದ ಗುಡ್ಡೆಗಳು ಕಂದುಬಣ್ಣದಲ್ಲಿ ಎದ್ದು ಕಾಣುತ್ತವೆ. ನಾನು ಮುಂತುದಿಯಲ್ಲಿ ನಿಂತು ಕೈಸನ್ನೆ ಮಾಡುತ್ತಾ ಹೋದೆ.

ರೊಟೊಆವಾ ಊರಿನ ಮುಂದೆ ಲಂಗರು ಹಾಕಿದ ಮೊದಲ ರಾತ್ರಿಯೇ ಸರಪಳಿ ಹವಳಕ್ಕೆ ಸುತ್ತಿಕೊಂಡಿತು. ಮುಳುಗಿ ಬಿಡಿಸಲು ಅರ್ಧ ದಿನ ಹಿಡಿಯಿತು. ಈಗ ಸರಪಳಿಗೆ ಅಲ್ಲಲ್ಲಿ ತೇಲುಗುಂಡು ಕಟ್ಟಿ ನೆಲದಿಂದ ಎತ್ತರಿಸಿದ್ದೇವೆ. ತೇಲುಗುಂಡುಗಳು ದಡದಲ್ಲಿ ಸಿಕ್ಕವು, ಹಳೆಯ ಮುತ್ತಿನ ಸಾಕಣೆಯವು.

ಮುಂದಿನ ವಾರ ದಕ್ಷಿಣದ ಕಂಡಿಗೆ ಹೊರಡುತ್ತೇವೆ. ಅಲ್ಲಿನ ಶಾರ್ಕ್‌ಗಳ ಬಗ್ಗೆ ಹೆಂಡತಿಗೆ ಇನ್ನೂ ಹೇಳಿಲ್ಲ.