ಹಳೆಯ ಸ್ಟೀರಿಯೋಗೆ ಬದಲಿ ಸಿಡಿ ಪ್ಲೇಯರ್: ಸಲಹೆ ಬೇಕು

ಪ್ರಶ್ನೆ (ದಾವಣಗೆರೆ):
ಹದಿನೈದು ವರ್ಷ ದುಡಿದ ನಮ್ಮ ಸಿಡಿ ಪ್ಲೇಯರ್ ಈಗ ಡಿಸ್ಕನ್ನು ಗುರುತಿಸದೆ ನಿಂತುಬಿಡುತ್ತಿದೆ. ಆಂಪ್ಲಿಫೈಯರ್ ಮತ್ತು ಸ್ಪೀಕರ್‌ಗಳು ಸುಸ್ಥಿತಿಯಲ್ಲಿವೆ. ತಂದೆಯವರು ಕೂಡಿಟ್ಟ ವಚನ ಗಾಯನ ಹಾಗೂ ಹಿಂದೂಸ್ತಾನಿ ಸಂಗೀತದ ಸುಮಾರು 200 ಸಿಡಿಗಳಿದ್ದು, ಅವುಗಳಲ್ಲಿ ಕೆಲವು ಮನೆಯಲ್ಲೇ ಬರೆದವು. ಹೊಸ ಸಿಡಿ ಪ್ಲೇಯರನ್ನೇ ಕೊಳ್ಳಬೇಕೇ ಅಥವಾ ಡಿವಿಡಿ ಪ್ಲೇಯರ್ ಸಾಕೇ?

ಉತ್ತರ 1:
ಕೊಳ್ಳುವ ಮೊದಲು ಲೆನ್ಸ್ ಮೇಲಿನ ಧೂಳನ್ನು ತೆಗೆಸಿ ನೋಡಿ ಸರ್. ಮನೆಯಲ್ಲಿ ಬರೆದ ಸಿಡಿಗಳು ಅಚ್ಚಾದ ಸಿಡಿಗಳಿಗಿಂತ ಕಡಿಮೆ ಬೆಳಕನ್ನು ಪ್ರತಿಫಲಿಸುವುದರಿಂದ, ಅವು ಮಾತ್ರ ಓಡದಿದ್ದರೆ ಲೇಸರ್ ಕ್ಷೀಣಿಸಿರುವ ಸಾಧ್ಯತೆಯೇ ಹೆಚ್ಚು.

ಉತ್ತರ 2 (ಚಿತ್ರದುರ್ಗ):
ಸಿಡಿಯಲ್ಲಿರುವುದು ಧ್ವನಿಯನ್ನು ಅಳೆದಿಟ್ಟ 16 ಬಿಟ್, 44.1 ಕಿಲೋಹರ್ಟ್ಸ್‌ನ ಅಂಕಿಗಳು. ಅವನ್ನು ಧ್ವನಿಯಾಗಿಸುವುದು ಡ್ಯಾಕ್ (ಡಿಜಿಟಲ್-ಟು-ಅನಲಾಗ್ ಕನ್ವರ್ಟರ್) ಎಂಬ ಪರಿವರ್ತಕ. ಆದ್ದರಿಂದ ಈ ಅಂಕಿಗಳನ್ನು ಹಾಗೆಯೇ ಹೊರಕಳಿಸುವ ಆಪ್ಟಿಕಲ್ ಅಥವಾ ಕೊಯಾಕ್ಸಿಯಲ್ ಔಟ್‌ಪುಟ್ ಇರುವ ಡಿವಿಡಿ ಪ್ಲೇಯರಿಗೆ ಒಳ್ಳೆಯ ಡ್ಯಾಕ್ ಜೋಡಿಸಿದರೆ ಧ್ವನಿಯಲ್ಲಿ ಕೊರತೆಯಾಗದು ಎಂಬುದು ನನ್ನ ದೃಢ ಅಭಿಪ್ರಾಯ. ಆದರೆ ಮುಂಭಾಗದಲ್ಲಿ ಡಿಸ್‌ಪ್ಲೇ ಇಲ್ಲದಿದ್ದರೆ ಹಾಡು ಆರಿಸಲು ಟಿವಿ ಹಚ್ಚಬೇಕಾಗುತ್ತದೆ. ಹಿರಿಯರಿಗೆ ಇದು ನಿಜಕ್ಕೂ ತೊಂದರೆ.

ಉತ್ತರ 3:
ಹಳೆಯದನ್ನು ಕೊಳ್ಳುವುದಾದರೆ ಮನೆಯಲ್ಲಿ ಬರೆದ ಸಿಡಿಯೊಂದನ್ನು ಅಂಗಡಿಗೆ ಒಯ್ದು, ಕೊನೆಯ ಹಾಡಿನವರೆಗೂ ಓಡಿಸಿ ನೋಡಿ. ಆ ಸಿಡಿಗಳನ್ನು ಈಗಲೇ ಕಂಪ್ಯೂಟರಿಗೆ ನಕಲು ಮಾಡಿಡಿ, ಹಾಡು ದಾಖಲಾಗಿರುವ ಅವುಗಳ ಬಣ್ಣದ ಪದರ ಕಾಲಕ್ರಮೇಣ ಕೆಡುತ್ತದೆ.