ಕಕೇಶಿಯನ್ ಶೆಫರ್ಡ್ ಮರಿ ತರುವ ಮುಂಚೆ

ತಮ್ಮಾ, ಕಕೇಶಿಯನ್ ಶೆಫರ್ಡ್ ಮರಿಯ ಫೋಟೋ ಹಾಕಿ "ತರಲಾ ಅಕ್ಕಾ?" ಅಂತ ಕೇಳಿದ್ದೀಯಲ್ಲ. ಈ ಜಾತಿ ನಾಯಿ ಸಾಕಿದವಳು ನಾನು, ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ. ಅಮ್ಮಾ, ನೀನೂ ಕೇಳು, ಗಾಬರಿ ಆಗಬೇಡ.

ಇದು ಕಾಕಸಸ್ ಬೆಟ್ಟಗಳ ನಾಯಿ. ಜಾರ್ಜಿಯಾ, ಅರ್ಮೇನಿಯಾ ಕಡೆ ಕುರಿಮಂದೆಯನ್ನು ತೋಳಗಳಿಂದ ಕಾಯಲು ಸಾಕುತ್ತಿದ್ದರು. ಪಕ್ಕದಲ್ಲಿ ಕುರಿಗಾಹಿ ಇರಲಿ ಬಿಡಲಿ, ಯಾರನ್ನು ಬಿಡಬೇಕು, ಯಾರನ್ನು ತಡೆಯಬೇಕು ಅಂತ ಅದೇ ತೀರ್ಮಾನ ಮಾಡುತ್ತಿತ್ತು. ಆ ಗುಣ ಇವತ್ತಿಗೂ ಹೋಗಿಲ್ಲ. ಕಾವಲು ಕಾಯುವುದನ್ನು ಇದಕ್ಕೆ ಕಲಿಸಬೇಕಾಗಿಲ್ಲ. ಯಾರಿಂದ ಅಪಾಯ ಇಲ್ಲ ಅನ್ನುವುದನ್ನು ಕಲಿಸಬೇಕು. ಕಷ್ಟ ಇರುವುದೇ ಅಲ್ಲಿ.

ಈಗ ನೋಡು, ನಿನ್ನ ಮಗಳು ಗೆಳತಿಯರ ಜೊತೆ ಕಿರುಚುತ್ತಾ ಓಡುತ್ತಿದ್ದಾಳೆ ಅಂದುಕೋ. ಒಬ್ಬಳು ಸುಮ್ನೆ ಅವಳನ್ನು ತಳ್ಳುತ್ತಾಳೆ. ನಮಗೆ ಅದು ಆಟ. ನಾಯಿಗೆ ಹಾಗಲ್ಲ, ಯಾರೋ ತನ್ನ ಮಗುವಿನ ಮೇಲೆ ಬಿದ್ದರು, ಅಷ್ಟೇ. ಗಂಡು ನಾಯಿ ಬೆಳೆದ ಮೇಲೆ 50 ಕೆ.ಜಿ.ಗಿಂತ ಜಾಸ್ತಿ ತೂಗುತ್ತದೆ. ಅದು ನುಗ್ಗಿದರೆ ನಿನ್ನ ಕೈಲೂ ಹಿಡಿಯಲು ಆಗುವುದಿಲ್ಲ. ಹೊರಗಿನ ಮಕ್ಕಳು ಬಂದಾಗ ನಾಯಿ ಬೇರೆ ರೂಮಿನಲ್ಲಿರಬೇಕು, ಬಾಗಿಲು ಚಿಲಕ ಹಾಕಿರಬೇಕು. "ಪಾಪ, ಏನೂ ಮಾಡಲ್ಲ" ಅನ್ನುವ ಮಾತು ನಿನ್ನ ಬಾಯಲ್ಲಿ ಬರಲೇಬಾರದು.

ಗೇಟ್ ಎರಡಿರಲಿ. ಹೊರಗಿನದು ಹಾಕಿದ ಮೇಲೆಯೇ ಒಳಗಿನದು ತೆಗೆಯಬೇಕು. ಸರಪಳಿಯಲ್ಲಿ ಕಟ್ಟಿ ಹಾಕುವುದಾದರೆ ತರಲೇಬೇಡ, ಕಟ್ಟಿದಷ್ಟೂ ಸಿಟ್ಟು ಜಾಸ್ತಿ. ಮರಿಯಾಗಿದ್ದಾಗಲೇ ಮಜಲ್ (ಕಚ್ಚದಂತೆ ಮೂತಿಗೆ ಹಾಕುವ ಕುಕ್ಕೆ) ಅಭ್ಯಾಸ ಮಾಡಿಸು: ಅದರೊಳಗೆ ತಿಂಡಿ ಇಡು, ತಾನಾಗಿಯೇ ಮೂತಿ ತೂರಿಸಲಿ, ಬೆಲ್ಟ್ ಬಿಗಿಯುವುದು ಆಮೇಲೆ. ಡಾಕ್ಟರ ಹತ್ತಿರ ಹೋದಾಗ ಎಲ್ಲರೂ ನೆಮ್ಮದಿಯಾಗಿರುತ್ತಾರೆ. ಹೊಸ ಮುಖ, ಹೊಸ ಸದ್ದು, ಎಲ್ಲವೂ ಮೊದಲ ಮೂರು ನಾಲ್ಕು ತಿಂಗಳಲ್ಲೇ ಪರಿಚಯ ಆಗಬೇಕು. ದೊಡ್ಡದಾದ ಮೇಲೆ ನೋಡೋಣ ಅಂದರೆ ತಡವಾಗಿಬಿಡುತ್ತದೆ.

ರಾತ್ರಿ ಬೊಗಳುತ್ತದೆ, ಕೂದಲು ಉದುರುತ್ತದೆ, ಸೆಖೆ ತಡೆಯುವುದಿಲ್ಲ. ಇವೆಲ್ಲ ಹೇಗೋ ಸುಧಾರಿಸಬಹುದು. ಆದರೆ ಹೊಟ್ಟೆ ತಮಟೆಯಂತೆ ಬಿಗಿದು, ವಾಂತಿಗೆ ಒದ್ದಾಡಿದರೂ ಏನೂ ಬರದಿದ್ದರೆ ಬೆಳಗಾಗಲಿ ಅಂತ ಕಾಯಬೇಡ. ಜಠರ ತಿರುಚಿಕೊಂಡಿರಬಹುದು, ಕೆಲವೇ ಗಂಟೆಗಳಲ್ಲಿ ಜೀವ ಹೋಗುತ್ತದೆ.

ಇನ್ನೊಂದು, ಕಾನೂನು. ಡೆನ್ಮಾರ್ಕ್ 2010ರಲ್ಲಿ ನಿಷೇಧಿತ ತಳಿಗಳ ಪಟ್ಟಿಯನ್ನು 13ಕ್ಕೆ ಏರಿಸಿತು, ಅದರಲ್ಲಿ ಇದೂ ಇದೆ. ತಳಿಯನ್ನೇ ನಿಷೇಧಿಸುವುದು ಸರಿ ಅಂತ ನನಗೆ ಅನಿಸುವುದಿಲ್ಲ. ಆದರೆ ನಿಯಮ ಇರುವ ಕಡೆ ಸಿಕ್ಕಿಹಾಕಿಕೊಂಡರೆ ಅನುಭವಿಸುವುದು ನಾಯಿಯೇ ಅಲ್ವಾ? ನೀನಿರುವ ಕಡೆ ಏನಿದೆ, ಮೊದಲು ವಿಚಾರಿಸು.

ಇಷ್ಟೆಲ್ಲ ಕೇಳಿಯೂ ಬೇಕೇ ಬೇಕು ಅನಿಸಿದರೆ, ಮರಿಯ ತಾಯಿಯನ್ನು ಕಣ್ಣಾರೆ ನೋಡು. ತಂದೆ ತಾಯಿ ಎರಡರದ್ದೂ ಸೊಂಟದ ಎಕ್ಸ್‌ರೇ ಕೇಳು. ಮಾರುವವರು ತೋರಿಸಲು ಹಿಂದೆಮುಂದೆ ನೋಡಿದರೆ ಅಡ್ವಾನ್ಸ್ ಕೊಡಬೇಡ, ನನಗೆ ಫೋನ್ ಮಾಡು.